ಹುಳದ ಮನೆಗೆ ಅಂಟಿಕೊಂಡ ಬಾಡಿಗೆ ಮನೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಕೊಡಿಸಿರುವ ಬಾಡಿಗೆ ಮನೆಗಳನ್ನು ಸಾಲಾಗಿ ನಿಲ್ಲಿಸಿದರೆ, ಮೊದಲ ಮನೆಯ ಹೊಸಿಲು ಸಾತನೂರಿನಲ್ಲಿರುತ್ತದೆ, ಕೊನೆಯ ಮನೆಯ ಬಚ್ಚಲ ನೀರು ಮೈಸೂರಿನಲ್ಲಿ ಹರಿಯುತ್ತದೆ. ನಂಬದವರು ಸಾತನೂರು ಬಸ್‌ಸ್ಟ್ಯಾಂಡಿಗೆ ಬಂದು ಮೋಟಾರ್ ರಿಪೇರಿ ನಟರಾಜು ಯಾರು ಎಂದು ಕೇಳಲಿ. ನನ್ನ ಹೆಸರು ಹೇಳಿದರೆ ಬಸ್ಸು ಕೂಡ ಒಂದು ನಿಮಿಷ ಹೆಚ್ಚಿಗೆ ನಿಲ್ಲುತ್ತದೆ. ಸುಟ್ಟ ಮೋಟಾರಿಗೆ ತಂತಿ ಸುತ್ತುವುದು ನನ್ನ ಕಸುಬು, ಮನೆ ಹುಡುಕಿ ಕೊಡುವುದು ನನ್ನ ವಿದ್ಯೆ. ಯಾವ ಮನೆಯ ಬಾಗಿಲಲ್ಲಾದರೂ ನಿಂತು ಒಂದು ಸಲ ಮೂಸಿದರೆ ಸಾಕು, ಹಿಂದೆ ಇದ್ದವರು ಯಾವ ಸಾರು ಮಾಡುತ್ತಿದ್ದರು, ಗಂಡ ಹೆಂಡಿರಲ್ಲಿ ಯಾರು ಮೊದಲು ಏಳುತ್ತಿದ್ದರು, ಎಲ್ಲವನ್ನೂ ಹೇಳಿಬಿಡುತ್ತೇನೆ.

ಇಂಥ ನನ್ನ ಕೈಗೂ ದಕ್ಕದ ಮನೆ ಒಂದಿತ್ತು. ಮುನಿರತ್ನಮ್ಮನವರ ಮನೆ.

ಮನೆಗೆ ಹೆಸರಿಡುವಂತಿಲ್ಲ. ಹಾಲು, ಒಂದು ರೂಮು, ಅಡುಗೆಮನೆ, ಬಚ್ಚಲು. ಮುಂದೆ ಹೊಂಗೆ ಮರ. ಅದರ ನೆರಳಿನಲ್ಲಿ ಮೇ ತಿಂಗಳಲ್ಲೂ ಕಂಬಳಿ ಹೊದೆಯಬೇಕು. ಬೋರಿನ ನೀರು ಎಳನೀರಿಗೆ ನಾಚಿಕೆ ಹುಟ್ಟಿಸುತ್ತದೆ. ಆದರೆ ಆ ಮನೆಯ ಬೆನ್ನಿಗೆ, ಒಬ್ಬರು ಅಡ್ಡಡ್ಡಲಾಗಿ ನುಸುಳುವಷ್ಟು ಸಂದಿ ಬಿಟ್ಟು, ಹುಳದ ಮನೆ ಇದೆ. ಅಂದರೆ ರೇಷ್ಮೆ ಹುಳ ಸಾಕುವ ಉದ್ದನೆಯ ಕಟ್ಟಡ. ಬಾಡಿಗೆ ಮನೆಯ ರೂಮಿನ ಹಿಂಕಿಟಕಿ ತೆರೆದರೆ ಹುಳದ ಮನೆಯ ಕಿಟಕಿ ಎದುರಿಗೇ. ಹುಳಕ್ಕೆ ಘಾಟು ಆಗುವುದಿಲ್ಲ. ಘಾಟು ತಗುಲಿದರೆ ಹಿಪ್ಪುನೇರಳೆ ಸೊಪ್ಪು ತಿನ್ನುವುದನ್ನೇ ಬಿಡುತ್ತದೆ, ಸೊಪ್ಪು ಬಿಟ್ಟರೆ ಗೂಡು ಕಟ್ಟುವುದಿಲ್ಲ. ಹಾಗಾಗಿ ಆ ಮನೆಗೆ ಬಂದವರು ಮುನಿರತ್ನಮ್ಮನವರ ಕಟ್ಟುಪಾಡು ತಾಳಲಾರದೆ ಓಡುತ್ತಿದ್ದರು. ಮೂರು ವರ್ಷದಲ್ಲಿ ನಲವತ್ತು ಸಂಸಾರ ಓಡಿತು. ಸರಿ, ನಾಲ್ಕು. ಅದರಲ್ಲಿ ಒಬ್ಬರು ಬ್ಯಾಂಕಿನವರು, ಮದುವೆಗೆ ಹೊರಟು ಸೆಂಟು ಬಳಿದುಕೊಂಡು ಹಿತ್ತಲಿಗೆ ಕಾಲಿಟ್ಟಾಗ ಮುನಿರತ್ನಮ್ಮ ಅವರನ್ನು ಎಷ್ಟು ದೂರ ಅಟ್ಟಿದರೆಂದರೆ, ಬಸ್ಸಿಗಿಂತ ಮೊದಲೇ ಅವರು ಮದುವೆ ಮನೆ ಮುಟ್ಟಿದರು.

ಆ ಮನೆಗೆ ನಯನಾ ಬಂದಳು.

ನಯನಾ ಬೈರಾಪಟ್ಟಣದ ಹುಡುಗಿ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ, ತಯಾರಾದ ಮಾಲು ಸರಿಯಿದೆಯೋ ಇಲ್ಲವೋ ನೋಡುವ ಕೆಲಸ. ಅವಳು ಬೇಡವೆಂದು ತಳ್ಳಿದ ನಟ್ಟು ಬೋಲ್ಟುಗಳನ್ನು ರಾಶಿ ಹಾಕಿದರೆ ಇನ್ನೊಂದು ರಾಮದೇವರ ಬೆಟ್ಟವಾಗುತ್ತದೆ. ಗಂಡ ನರೇಂದ್ರ ಚನ್ನಪಟ್ಟಣದ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟು. ಮದುವೆಯಾಗಿ ಒಂಬತ್ತು ತಿಂಗಳು. ಅವಳು ಹಾರೋಹಳ್ಳಿಯ ಹಾಸ್ಟೆಲಿನಲ್ಲಿ ಐದು ಜನರ ನಡುವೆ, ಅವನು ಚನ್ನಪಟ್ಟಣದ ರೂಮಿನಲ್ಲಿ ಇಬ್ಬರು ಬ್ರಹ್ಮಚಾರಿಗಳ ನಡುವೆ. ಭಾನುವಾರ ಬೈರಾಪಟ್ಟಣಕ್ಕೆ ಹೋದರೆ ಮನೆ ತುಂಬ ನೆಂಟರು. ಗಂಡ ಹೆಂಡತಿ ಮಾತಾಡಬೇಕೆಂದರೆ ಒಬ್ಬರು ಹಿತ್ತಲಿಗೂ ಒಬ್ಬರು ಜಗುಲಿಗೂ ಹೋಗಿ ಫೋನ್ ಮಾಡಿಕೊಳ್ಳಬೇಕು. ಕನಕಪುರದಲ್ಲಿ ಮನೆ ಮಾಡಿದರೆ ಅವನಿಗೆ ದೂರ, ಚನ್ನಪಟ್ಟಣದಲ್ಲಿ ಮಾಡಿದರೆ ಅವಳ ಮೊದಲನೇ ಶಿಫ್ಟಿಗೆ ಬಸ್ಸಿಲ್ಲ. ನಟ್ಟ ನಡುವೆ ಸಾತನೂರು. ಆ ತಿಂಗಳು ಸಾತನೂರಿನಲ್ಲಿ ಖಾಲಿ ಇದ್ದದ್ದು ಒಂದೇ ಮನೆ.

"ಇದಾಗ್ಲಿಲ್ಲ ಅಂದ್ರೆ ಇನ್ನೊಂದು ವರ್ಷ ಫೋನಲ್ಲೇ ಸಂಸಾರ ಕಣಣ್ಣ," ಎಂದ ನರೇಂದ್ರ. ನೋಡಲು ತೆಂಗಿನ ಮರದಷ್ಟು ಎತ್ತರ, ಮಾತು ಮಾತ್ರ ಗರಿಕೆಯಷ್ಟು.

ನಾನು ಮನೆ ತೋರಿಸುವ ಪರಿಯೇ ಬೇರೆ. ಮೊದಲು ಗಾಳಿ, ಆಮೇಲೆ ಬೆಳಕು, ಕೊನೆಗೆ ನನ್ನ ಭಾಷಣ. ಅಷ್ಟರಲ್ಲಿ ಬಂದವರು ಅಡ್ವಾನ್ಸ್ ತೆಗೆದಿರುತ್ತಾರೆ. ಭಾನುವಾರ ಬೆಳಗ್ಗೆ ಏಳಕ್ಕೇ ಬಂದ ಈ ಹುಡುಗಿ ನಾನು ಬೀಗಕ್ಕೆ ಕೈ ಹಾಕುವ ಮೊದಲೇ ತಡೆದಳು.

"ನಟರಾಜಣ್ಣ, ಬಾಗ್ಲು ಆಮೇಲೆ. ಮೊದ್ಲು ಮೀಟ್ರು ತೋರ್ಸಿ."

ಮೀಟರಿನ ಪಕ್ಕದಲ್ಲಿದ್ದ ಮನೆಯ ಮೇನ್ ಸ್ವಿಚ್ಚು ಆರಿಸಿ ಅಲ್ಲೇ ನಿಂತಳು. ಮೀಟರಿನ ಕೆಂಪು ದೀಪ ಕಣ್ಣು ಹೊಡೆಯುತ್ತಲೇ ಇತ್ತು.

"ಮನೇಲಿ ಒಂದು ಬಲ್ಬೂ ಉರೀತಿಲ್ಲ, ಮೀಟ್ರು ಓಡ್ತೈತೆ. ಇನ್ಯಾರದೋ ಲೈನು ಇದ್ರಲ್ಲಿ ಸೇರ್ಕೊಂಡೈತೆ."

ಸೇರಿಕೊಂಡಿತ್ತು. ಮುನಿರತ್ನಮ್ಮನವರ ಕೊಟ್ಟಿಗೆಯ ಫ್ಯಾನು. ಎಳೆದವನು ನಾನೇ. ಆ ಕ್ಷಣ ಹೊಂಗೆ ಮರದಲ್ಲಿ ಯಾವ ಹಕ್ಕಿ ಕೂಗುತ್ತಿದೆ ಎಂದು ನೋಡುವುದು ನನಗೆ ಬಹಳ ಅಗತ್ಯವಾಗಿ ಕಂಡಿತು.

ಒಳಗೆ ಹೋದವಳು ಚೀಲದಿಂದ ಒಂದು ಗೋಲಿ ತೆಗೆದು ಬಚ್ಚಲ ನೆಲದ ಮೇಲೆ ಬಿಟ್ಟಳು. ಗೋಲಿ ನೀರು ಹೋಗುವ ತೂತಿನ ಕಡೆಗೆ ಉರುಳಿತು. ತಲೆಯಾಡಿಸಿದಳು. ಅಡುಗೆಮನೆಯ ನಲ್ಲಿಯ ಕೆಳಗೆ ಬಕೆಟ್ಟಿಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆಂದು ಫೋನಿನಲ್ಲಿ ನೋಡಿದಳು. ಎಲ್ಲ ಪ್ಲಗ್ಗಿಗೂ ಚಾರ್ಜರ್ ಚುಚ್ಚಿ ನೋಡಿದಳು. ಬಾಗಿಲ ಹಿಂದೆ, ಸಿಂಕಿನ ಕೆಳಗೆ, ಮನೆ ಕಟ್ಟಿದ ಮೇಸ್ತ್ರಿಯೂ ನೋಡದ ಜಾಗಗಳಲ್ಲಿ ಇದ್ದ ಬಿರುಕುಗಳ ಫೋಟೊ ಹಿಡಿದಳು. "ಹೋಗುವಾಗ ಇದು ನೀವು ಮಾಡಿದ್ದು ಅನ್ಬಾರ್ದಲ್ಲ," ಎಂದಳು. ಕೊನೆಗೆ ಬಚ್ಚಲ ಪಕ್ಕದ ಗೋಡೆಯ ಮುಂದೆ ನಿಂತಳು. ಅಲ್ಲಿ ದೊಡ್ಡದೊಂದು ಕ್ಯಾಲೆಂಡರ್ ತೂಗುತ್ತಿತ್ತು. ಹೋದ ವರ್ಷದ್ದು. ತೂಗುಹಾಕಿದವನು ನಾನೇ.

ಅವಳು ಕ್ಯಾಲೆಂಡರ್ ಎತ್ತಿದಳು. ಹಿಂದೆ ಲಂಕೆಯ ನಕ್ಷೆಯಷ್ಟಗಲ ಒದ್ದೆ ಕಲೆ.

"ಅಣ್ಣ, ದೇವ್ರ ಪಟ ಹಾಕಿದ್ರೆ ನಾನು ಎತ್ತುತಿರ್ಲಿಲ್ಲ. ಕ್ಯಾಲೆಂಡ್ರು ಹಾಕ್ಬುಟ್ರಿ."

ನರೇಂದ್ರ ನನ್ನ ಕಿವಿಯ ಹತ್ತಿರ ಬಗ್ಗಿದ. "ಬೇಜಾರ್ ಮಾಡ್ಕೋಬೇಡಿ. ನನ್ನ ನೋಡಕ್ಕೆ ಅವ್ರ ಮನೇರು ಬಂದಾಗ್ಲೂ ಇವ್ಳು ನಮ್ಮನೆ ನಲ್ಲಿ ತಿರುಗ್ಸಿ ನೋಡಿದ್ಲು."

ಅಲ್ಲಿಗೂ ಮುಗಿಯಲಿಲ್ಲ. ಪಡುವಣ ಬಿಸಿಲು ಯಾವ ಗೋಡೆಗೆ ಬೀಳುತ್ತದೆ ನೋಡಬೇಕೆಂದು ಮಧ್ಯಾಹ್ನ ಮೂರಕ್ಕೆ ಇನ್ನೊಮ್ಮೆ ಬಂದಳು. ರಸ್ತೆಯಾಚೆಯ ಅಂಗಡಿಯ ನಾಹಿದಾ ಅವರ ಹತ್ತಿರ ಎರಡು ಬಿಸ್ಕತ್ ಪೊಟ್ಟಣ ಕೊಂಡು, ಬೇಸಿಗೆಯಲ್ಲಿ ಬೋರು ಬತ್ತಿತ್ತಾ, ಹಿಂದಿನವರು ಯಾಕೆ ಹೋದರು, ನಾಯಿ ಕಾಟ ಇದೆಯಾ, ಎಲ್ಲ ಕೇಳಿಕೊಂಡಳು. ನನ್ನ ಇಪ್ಪತ್ತು ವರ್ಷದ ವಿದ್ಯೆಯನ್ನು ಈ ಹುಡುಗಿ ಎರಡು ಬಿಸ್ಕತ್ ಪೊಟ್ಟಣಕ್ಕೆ ಕಲಿತಳು. ಹೊಟ್ಟೆ ಉರಿಯಬೇಕಿತ್ತು, ಆದರೆ ನಿಜ ಹೇಳುತ್ತೇನೆ, ಕೈ ಮುಗಿಯಬೇಕು ಅನ್ನಿಸಿತು.

ಇನ್ನು ಉಳಿದದ್ದು ಮುನಿರತ್ನಮ್ಮನವರ ಜಗುಲಿ. ಪಕ್ಕದ ಹೆಂಚಿನ ಮನೆಯಲ್ಲಿ ಅವರೂ ಅವರ ಯಜಮಾನರು ಗಂಗಯ್ಯನವರೂ ಇರುವುದು. ಮುನಿರತ್ನಮ್ಮ ಸೊಪ್ಪಿನ ಕುಡುಗೋಲು ಪಕ್ಕಕ್ಕಿಟ್ಟು ಶುರು ಮಾಡಿದರು. ಅವರ ಧ್ವನಿಗೆ ಕನಕಪುರದಲ್ಲಿ ಟ್ರಾಫಿಕ್ಕು ನಿಲ್ಲುತ್ತದೆ.

"ಕೇಳ್ಕವ್ವ. ಹುಳ ಇರೋ ಗಂಟ ಊದ್ಗಡ್ಡಿ ಹಚ್ಚಂಗಿಲ್ಲ. ಸೊಳ್ಳೆಬತ್ತಿ ಹಚ್ಚಂಗಿಲ್ಲ. ಜಿರ್ಲೆ ಔಸ್ತಿ ಹೊಡ್ಯಂಗಿಲ್ಲ. ಸೆಂಟು ಪೌಡ್ರು ಬಳ್ಕಂಡು ಹಿಂದ್ಲ ಸಂದಿಗೆ ಬರಂಗಿಲ್ಲ. ಒಣಮೆಣಸಿನಕಾಯಿ ಉರ್ದು ಘಾಟು ಎಬ್ಬಿಸಂಗಿಲ್ಲ. ಬಣ್ಣ ಗಿಣ್ಣ ಅನ್ನೋ ಮಾತೇ ಇಲ್ಲ. ಆಯ್ತದಾ?"

ಇಲ್ಲಿಗೆ ಎಲ್ಲರೂ ಚಪ್ಪಲಿ ಮೆಟ್ಟುತ್ತಿದ್ದರು. ನಯನಾ ಚೀಲದಿಂದ ಪುಸ್ತಕ ತೆಗೆದಳು.

"ಹುಳ ಎಷ್ಟು ದಿನ ಇರತ್ತಮ್ಮ?"

"ಮರಿ ತಂದು ಆಕಿದ್ ದಿನದಿಂದ ಹದ್ನೆಂಟು ದಿನ."

"ಆಮೇಲೆ ಮನೆ ಖಾಲಿ?"

"ತೊಳ್ದು ಬಳ್ದು ಒಣಗಿಸ್ಬೇಕಲ್ಲ, ಒಂದಿಪ್ಪತ್ತು ದಿನ ಏನೂ ಇರಾಕಿಲ್ಲ."

"ಹಂಗಾದ್ರೆ ಸಾರಿನ ಪುಡಿ, ಚಟ್ನಿ ಪುಡಿ ಎಲ್ಲ ಆ ಇಪ್ಪತ್ತು ದಿನದಲ್ಲಿ ಮಾಡಿ ಇಟ್ಕೋತೀನಿ. ಸೊಳ್ಳೆಗೆ ಕಿಟಕಿಗೆ ಬಲೆ, ಮಂಚಕ್ಕೆ ಪರದೆ. ಜಿರ್ಲೆಗೆ ಔಷ್ದಿ ಬೇಕಿಲ್ಲಮ್ಮ, ರಾತ್ರಿ ಸಿಂಕು ಒಣಗಿಸಿ ತೂತಿಗೆ ಮುಚ್ಚಳ ಹಾಕಿದ್ರೆ ಬರಲ್ಲ. ದೇವ್ರಿಗೆ ದೀಪ, ಹೂವು ಸಾಕು. ಊದಿನಕಡ್ಡಿ ಇಲ್ಲ ಅಂತ ಯಾವ ದೇವ್ರೂ ಮನೆ ಬಿಟ್ಟು ಹೋಗಲ್ಲ."

ಮುನಿರತ್ನಮ್ಮ ನನ್ನ ಕಡೆ ನೋಡಿದರು. "ಲೇ ನಟರಾಜ, ಎಲ್ಲಿಂದ ಇಡ್ಕಂಬಂದ್ಲಾ ಇವ್ಳ?"

"ನಾನು ಹುಡುಕಿದ್ರೆ ಇಂಥೋರೇ ಸಿಕ್ಕೋದಕ್ಕಾ," ಎಂದೆ. ಹುಡುಕಿಕೊಂಡು ಬಂದದ್ದು ಅವರೇ ಎನ್ನುವುದು ಬೇರೆ ಮಾತು.

"ಕೊನೇದು ಒಂದೈತೆ," ಎಂದರು ಮುನಿರತ್ನಮ್ಮ, ಈಗ ಮೆಲ್ಲಗೆ. "ನಿಮ್ಮ ಮನೆ ಕಡೆಯಿಂದ ಘಾಟು ಬಂದು ನನ್ನ ಹುಳ ಕೆಡ್ತೋ, ಅವತ್ತೇ ಮನೆ ಖಾಲಿ. ನಾಳೆ ನಾಳಿದ್ದು ಅನ್ನಂಗಿಲ್ಲ."

ನಯನಾ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. "ಬರ್ಕೊಳ್ಳಿ," ಎಂದಳು. "ನಂದೂ ಮೂರು ಬರೀರಿ. ಕೊಟ್ಟಿಗೆ ಫ್ಯಾನು ನಮ್ಮ ಮೀಟ್ರಿಂದ ತೆಗೀಬೇಕು. ಒದ್ದೆ ಗೋಡೆ ನಾವು ಬರೋದ್ರೊಳಗೆ ಸರಿಯಾಗ್ಬೇಕು. ನಾವು ಇಲ್ದಾಗ ಯಾರೂ ಬೀಗ ತೆಗ್ದು ಒಳಗೆ ಹೋಗ್ಬಾರ್ದು."

ಹೀಗೆ, ಲೋಕದಲ್ಲಿ ಯಾರಿಂದಲೂ ಆಗದ ಕೆಲಸವನ್ನು ನಾನು ಸಾಧಿಸಿದೆ.

ಬಚ್ಚಲ ಗೋಡೆಯೊಳಗಿನ ಪೈಪಿನ ಜಾಯಿಂಟು ಬದಲಿಸಿ, ಗೋಡೆ ಒಣಗಲು ಹದಿನೈದು ದಿನ ಬಿಟ್ಟು, ಗಾರೆ ಹಚ್ಚಿಸಿದೆ. ಕಿಟಕಿಗಳ ಬಣ್ಣ ಬಾಕಿ ಉಳಿಯಿತು, ಅಷ್ಟರಲ್ಲಿ ಹುಳ ಬಂತು. "ಈ ಬೆಳೆ ಮುಗಿದ ಮೇಲೆ ನಾನೇ ಹೊಡೆದುಕೊಡ್ತೀನಿ, ಮೈಸೂರು ಅರಮನೆಯವರು ಬಂದು ಬಣ್ಣದ ನಂಬರು ಕೇಳ್ಬೇಕು," ಎಂದು ಮಾತು ಕೊಟ್ಟಿದ್ದೆ.

ಆ ಹುಡುಗಿ ಸಂಸಾರ ಹೂಡಿದ್ದನ್ನು ನೋಡಬೇಕಿತ್ತು. ಬಂದ ದಿನವೇ ಸೋಫಾ, ಬೀರು ಎಂದು ಓಡುವವರನ್ನು ನಾನು ಸಾವಿರ ನೋಡಿದ್ದೇನೆ. ಆಮೇಲೆ ಬೀರು ಬಾಗಿಲಲ್ಲಿ ಹಿಡಿಸದೆ ಮಳೆಯಲ್ಲಿ ನೆನೆಯುವುದನ್ನೂ ನೋಡಿದ್ದೇನೆ. ನಯನಾ ಮೊದಲ ವಾರ ಚಾಪೆ, ಸ್ಟವ್ವು, ನಾಲ್ಕು ಪಾತ್ರೆ, ಅಷ್ಟರಲ್ಲೇ ಇದ್ದಳು. ಹಾಲಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಂಚ ಬರೆದಳು, ಮೇಜು ಬರೆದಳು, ಎರಡು ಕುರ್ಚಿ ಬರೆದಳು. ಒಂದು ವಾರ ಗಂಡ ಹೆಂಡತಿ ಆ ಗೆರೆ ತುಳಿಯದೆ ಓಡಾಡಿದರು. ಒಂದು ದಿನ ನಾನು ಹೋಗಿ ಹಾಲಿನ ಮಧ್ಯೆ ನಿಂತರೆ ನರೇಂದ್ರ, "ಅಣ್ಣ, ಮೇಜಿನ ಮೇಲೆ ನಿಂತಿದ್ದೀರಿ, ಇಳೀರಿ," ಎಂದ. ಕಾಲಿಗೆ ಅಡ್ಡಬಂದ ಮೇಜನ್ನು ಒರೆಸಿ ಕಿಟಕಿ ಪಕ್ಕಕ್ಕೆ ಬರೆದರು. ಆಮೇಲೆ ಮಂಚ, ಕುರ್ಚಿ, ಕೊನೆಗೆ ರಾಮನಗರದಲ್ಲಿ ಮುಚ್ಚಿದ ಯಾವುದೋ ಆಫೀಸಿನ ಹಳೇ ಮೇಜು ತಂದರು. ತಂದು ಇಟ್ಟರೆ ಸೀಮೆಸುಣ್ಣದ ಗೆರೆಗೂ ಮೇಜಿನ ಕಾಲಿಗೂ ಒಂದು ಕೂದಲಿನ ಅಂತರವಿಲ್ಲ. ಬಾಗಿಲಿಗೆ ಅವಳ ಅಮ್ಮನ ಹಳೇ ಸೀರೆಯ ಪರದೆ. ಸಿಂಕಿನ ಕೆಳಗೆ ವಾರಕ್ಕೊಮ್ಮೆ ಒಣ ಕಾಗದ ಹಾಸಿ, ಒದ್ದೆಯಾಯಿತಾ ಎಂದು ನೋಡುತ್ತಿದ್ದಳು. ಸೋರುವ ಮೊದಲೇ ಸೋರಿಕೆ ಹಿಡಿಯುವವಳನ್ನು ನಾನು ಈ ಜನ್ಮದಲ್ಲಿ ಬೇರೆ ಕಂಡಿಲ್ಲ.

ಹಾಲಿಗೂ ಅಡುಗೆಮನೆಗೂ ನಡುವೆ ಒಂದು ಮರೆ ಬೇಕಿತ್ತು. ಮುನಿರತ್ನಮ್ಮನವರ ಅಟ್ಟದಲ್ಲಿ ಹಳೇ ಚಂದ್ರಿಕೆಗಳಿದ್ದವು. ಚಂದ್ರಿಕೆ ಎಂದರೆ ಬಿದಿರಿನ ತಡಿಕೆಯ ಮೇಲೆ ಸುರುಳಿ ಸುರುಳಿಯಾಗಿ ಬಿದಿರ ಪಟ್ಟಿ ಹೊಲಿದದ್ದು. ಹುಳ ಬಲಿತು ಹಣ್ಣಾದ ಮೇಲೆ ಅದರ ಮೇಲೆ ಬಿಟ್ಟರೆ ಗೂಡು ಕಟ್ಟುತ್ತದೆ. ಈಗ ಪ್ಲಾಸ್ಟಿಕ್ಕಿನವು ಬಂದ ಮೇಲೆ ಬಿದಿರಿನವು ಅಟ್ಟ ಸೇರಿವೆ. ಅದರಲ್ಲಿ ನಾಲ್ಕನ್ನು ನಯನಾ ಕೇಳಿ ಇಳಿಸಿಕೊಂಡಳು. ತೊಳೆದು ಮನೆಯ ಮುಂದಿನ ಹೊಂಗೆಯ ನೆರಳಿಗೆ ಒರಗಿಸಿ, ಮೊದಲನೇ ಶಿಫ್ಟಿಗೆ ಹೋದಳು. ಅದು ಗುರುವಾರ.

ಈಗ ನನ್ನ ಸರದಿ.

ನಮ್ಮ ಸೀಮೆಯಲ್ಲಿ ಯಾರೂ ಯಾರನ್ನೂ ಹುಳ ಯಾವ ಹಂತದಲ್ಲಿದೆ ಎಂದು ಕೇಳುವುದಿಲ್ಲ. ಮನೆಯ ಮುಂದೆ ನೆರಳಿಗೆ ಚಂದ್ರಿಕೆ ಒರಗಿದೆಯೆಂದರೆ ಹುಳ ಹಣ್ಣಾಯಿತು, ಗೂಡು ಕಟ್ಟುತ್ತಿದೆ, ಇನ್ನು ಸೊಪ್ಪಿಲ್ಲ, ಆತಂಕವಿಲ್ಲ. ಹಾಲು ಕುಡಿಯುವ ಮಗುವಿಗೂ ಗೊತ್ತಿರುವ ಗುರುತು. ಬೆಳಗ್ಗೆ ಹನ್ನೊಂದಕ್ಕೆ ಸ್ಕೂಟರಿನಲ್ಲಿ ಆ ರಸ್ತೆಯಲ್ಲಿ ಹೋಗುತ್ತಿದ್ದೆ. ಹೊಂಗೆಯ ಕೆಳಗೆ ನಾಲ್ಕು ಚಂದ್ರಿಕೆ ಕಂಡವು. "ಅರೆ, ಹುಳ ಹಣ್ಣಾಗಿಬಿಟ್ಟಿದೆ, ಬೆಳೆ ಎಷ್ಟು ಚೆನ್ನಾಗಿ ಬಂದಿದೆಯೆಂದರೆ ಅಟ್ಟದ ಹಳೇವೂ ಇಳಿದಿವೆ," ಅಂದುಕೊಂಡೆ. ಅದರ ಮೇಲೆ ಹುಳ ಇದೆಯೇ ಎಂದು ಇಳಿದು ನೋಡಲಿಲ್ಲ. ನನ್ನಂಥವನು ಇಳಿದು ನೋಡುವುದುಂಟೇ? ಹದ್ದಿನ ಕಣ್ಣು ನನ್ನದು.

ಕೊಟ್ಟ ಮಾತು ನೆನಪಾಯಿತು. ಅಂಗಡಿಯಿಂದ ಹಸಿರು ಬಣ್ಣದ ಡಬ್ಬ, ಟರ್ಪೆಂಟೈನು, ಬ್ರಷ್ಷು ತಂದೆ. ಮುನಿರತ್ನಮ್ಮ ತೋಟದಲ್ಲಿದ್ದರು. ಜಗುಲಿಯಲ್ಲಿ ಕೂತಿದ್ದ ಗಂಗಯ್ಯನವರನ್ನು ಇನ್ನೊಂದು ಬೀಗದಕೈ ಕೇಳಿದೆ. ಅವರಿಗೆ ಕಿವಿ ಒಸಿ ಮಂದ, ತೆಗೆದುಕೊಟ್ಟರು. ನಯನಾ, ನರೇಂದ್ರ ಇಬ್ಬರೂ ಸಂಜೆ ಬಂದು ಕಣ್ಣರಳಿಸಬೇಕೆಂದು ಮೊದಲು ಹಿಂಕಿಟಕಿಯ ಎರಡು ರೆಕ್ಕೆಗೆ, ಅಂದರೆ ಮರದ ಕದಗಳಿಗೆ, ಬಣ್ಣ ಹೊಡೆದೆ. ಗಾಳಿ ಪಡುವಣದಿಂದ ಬೀಸುತ್ತಿತ್ತು. ಬಣ್ಣ ಬೇಗ ಒಣಗಲಿ ಎಂದು ಕಿಟಕಿ ಪೂರ್ತಿ ತೆರೆದಿಟ್ಟೆ. ಆ ಬಣ್ಣದ ಘಾಟು ಮಾಗಡಿ ಕೆಂಪೇಗೌಡರ ಕೋಟೆಯ ತನಕ ಹೋಗಿರಬೇಕು. ಸಂದಿಯಾಚೆಯ ಹುಳದ ಮನೆಗಂತೂ ಹೋಯಿತು.

ಆ ಹುಳ ಹಣ್ಣಾಗಿರಲಿಲ್ಲ. ನಾಲ್ಕನೇ ಜ್ವರದಿಂದ ಎದ್ದು ಐದು ದಿನವಾಗಿತ್ತು. ಜ್ವರ ಅಂದರೆ ಹುಳ ಮಲಗಿ ಪೊರೆ ಬಿಡುವುದು; ಕೊನೆಯ ಪೊರೆ ಬಿಟ್ಟೆದ್ದ ಹುಳ ಒಂದು ವಾರ ರಾಕ್ಷಸನಂತೆ ತಿನ್ನುತ್ತದೆ. ಆ ವಾರದಲ್ಲಿ ಸೊಪ್ಪು ಬಿಟ್ಟರೆ ಇಡೀ ಬೆಳೆ ಹೋದಂತೆ.

ಒಂದೂವರೆಗೆ ಸೊಪ್ಪಿನ ಹೊರೆ ಹೊತ್ತು ಬಂದ ಮುನಿರತ್ನಮ್ಮ ಹುಳದ ಮನೆಯ ಬಾಗಿಲು ತೆಗೆದರು. ಅಲ್ಲಿಂದ ಬಂದ ಕೂಗನ್ನು ಕೇಳಿ ನನ್ನ ಕೈಯ ಬ್ರಷ್ಷು ಡಬ್ಬದಲ್ಲಿ ಮುಳುಗಿತು.

"ಯಾವನ್ಲಾ ಅವ್ನು ಬಣ್ಣ ಹೊಡೀತಿರೋನು!"

ಓಡಿ ಹೋದೆ. ಕಿಟಕಿಯ ಹತ್ತಿರದ ಸ್ಟ್ಯಾಂಡಿನಲ್ಲಿ ಹುಳಗಳು ಸೊಪ್ಪಿನ ಮೇಲೆ ತಲೆ ಎತ್ತಿ ನಿಂತಿದ್ದವು. ಒಂದೂ ಬಾಯಾಡಿಸುತ್ತಿರಲಿಲ್ಲ. ಕೆಲವು ತಲೆಯನ್ನು ಅತ್ತ ಇತ್ತ ಆಡಿಸುತ್ತ ಎಲೆಯ ಅಂಚಿಗೆ ಸರಿಯುತ್ತಿದ್ದವು.

"ಅಕ್ಕಾ, ಚಂದ್ರಿಕೆ ಇಟ್ಟಿದ್ರಲ್ಲಾ..."

"ಅದು ಆ ಹುಡ್ಗಿ ಮರೆಗೆ ಅಂತ ತೊಳ್ದಿಟ್ಟಿರೋದು ಕಣ್ಲಾ ಮುಟ್ಠಾಳ! ಖಾಲಿ ಚಂದ್ರಿಕೆಗೂ ಹುಳ ಇರೋದ್ಕೂ ಯತ್ವಾಸ ಕಾಣ್ದೇನ್ಲಾ? ಯಾವ ಸೀಮೆ ರೈತನ್ ಮಗ ನೀನು?"

ಅದಕ್ಕೆ ನನ್ನ ಹತ್ತಿರ ಒಂಬೈನೂರು ಉತ್ತರಗಳಿದ್ದವು. ಎಲ್ಲವನ್ನೂ ಬಿಟ್ಟು ಜೇಬಿನ ಫೋನಿಗೆ ಕೈ ಹಾಕಿದೆ.

ನಯನಾಗೆ ಫೋನು ಮಾಡಿದೆ. ಶಿಫ್ಟು ಮುಗಿಸಿ ಬಸ್ಸಿನಲ್ಲಿದ್ದಳು. ಎರಡು ಪ್ರಶ್ನೆ ಕೇಳಿದಳು: "ಗಾಳಿ ಯಾವ ಕಡೆಯಿಂದ ಬೀಸ್ತೈತೆ?" "ಎಷ್ಟು ತಟ್ಟೆ ಸೊಪ್ಪು ಬಿಟ್ಟವೆ?" ಅಷ್ಟೇ. ಬೈಗುಳವಿಲ್ಲ, ಅಳುವಿಲ್ಲ. ಆಮೇಲೆ, "ಕಿಟಕಿ ಮುಚ್ಬೇಡಿ, ಮುಚ್ಚಿದ್ರೆ ಹಸಿ ಬಣ್ಣ ಸಂದಿ ಕಡೆಗೇ ತಿರುಗತ್ತೆ. ರೆಕ್ಕೆ ಬಿಚ್ಚಿ. ಟರ್ಪೆಂಟೈನ್ ಹಾಕಿ ಒರೆಸಕ್ಕೆ ಹೋಗ್ಬೇಡಿ, ಇನ್ನೂ ಜಾಸ್ತಿ ಆಯ್ತದೆ," ಎಂದಳು. ನಾನು ಅಷ್ಟರಲ್ಲಿ ಬಟ್ಟೆಗೆ ಟರ್ಪೆಂಟೈನ್ ಹಾಕಿಕೊಂಡು ನಿಂತಿದ್ದೆ. ಅವಳಿಗೆ ಬಸ್ಸಿನಿಂದ ಅದು ಹೇಗೆ ಕಂಡಿತೋ!

ಸ್ಕ್ರೂ ಬಿಚ್ಚಿ ರೆಕ್ಕೆಗಳನ್ನು ತಲೆಯ ಮೇಲೆ ಹೊತ್ತು ಮೂಡಲ ಹೊಲದ ಬದುವಿಗೆ ಓಡಿದೆ. ಕಿಟಕಿಯ ತೆರವಿಗೆ ಒದ್ದೆ ಗೋಣಿ ಕಟ್ಟಿದೆ. ಮೂರೂವರೆಗೆ ನಯನಾ ಬಂದಳು, ಹಿಂದೆಯೇ ಅರ್ಧ ದಿನ ರಜೆ ಹಾಕಿ ನರೇಂದ್ರ. ಅವಳು ಮುನಿರತ್ನಮ್ಮನವರ ಮುಂದೆ ನಿಂತು ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ.

"ಅಮ್ಮ, ಕರಾರು ಹಂಗೇ ಐತೆ. ನಮ್ಮ ಮನೆ ಕಡೆಯಿಂದ್ಲೇ ಘಾಟು ಬಂದಿರೋದು. ಹುಳ ಹೋದ್ರೆ ಇವತ್ತೇ ಹೋಯ್ತೀವಿ. ನಮ್ಮ ಸಾಮಾನು ಎತ್ತಕ್ಕೆ ಅರ್ಧ ಗಂಟೆ ಸಾಕು. ಆದ್ರೆ ಮೊದ್ಲು ಹುಳ ಎತ್ತಣ."

"ಎಲ್ಲಿಗೆ ಎತ್ತೀಯವ್ವ? ಹುಳದ ಮನೆಯೆಲ್ಲ ನಾತ."

"ನಮ್ಮ ಹಾಲಿಗೆ. ಗಾಳಿ ಮುಂದ್ಲಿಂದ ಬರ್ತೈತೆ, ಹಾಲಲ್ಲಿ ಒಂಚೂರೂ ವಾಸ್ನೆ ಇಲ್ಲ. ಮೂಸಿ ಬಂದೆ."

ಹುಳವನ್ನು ಪರರ ಮನೆಗೆ ಕಳಿಸುವುದೆಂದರೆ ಮುನಿರತ್ನಮ್ಮನವರ ಪಾಲಿಗೆ ಮಗಳನ್ನು ಮದುವೆಯಿಲ್ಲದೆ ಕಳಿಸಿದಂತೆ. ಆದರೂ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಎತ್ತು ನಡಿ."

ಕಿಟಕಿಯ ಹತ್ತಿರದ ಹದಿನೆಂಟು ತಟ್ಟೆ. ಒಂದೊಂದರಲ್ಲೂ ಹತ್ತು ಲಕ್ಷ ಹುಳ. ಇರಲಿ, ಏಳೆಂಟು ನೂರು. ನಯನಾ ಮಂಚದ ಹಾಸಿಗೆ ಎತ್ತಿ ಅಂಗಳಕ್ಕೆ ಎಸೆದಳು, ಮೇಜಿನ ಮೇಲಿದ್ದುದನ್ನೆಲ್ಲ ಒಂದೇ ಬಾರಿಗೆ ಬುಟ್ಟಿಗೆ ಸುರಿದಳು, ಅಡುಗೆಕಟ್ಟೆ ಒಣಬಟ್ಟೆಯಲ್ಲಿ ಒರೆಸಿದಳು. ನಾವು ಮೂವರು ತಟ್ಟೆ ಹೊತ್ತು ಮುಂದಿನ ಬಾಗಿಲಿಂದ ತಂದೆವು. ಮಂಚದ ಮೇಲೆ ಆರು, ಮೇಜಿನ ಮೇಲೆ ನಾಲ್ಕು, ಅಡುಗೆಕಟ್ಟೆಗೆ ಮೂರು, ಉಳಿದವು ಕುರ್ಚಿಗಳನ್ನು ಎದುರುಬದುರು ಇಟ್ಟು ಅದರ ಮೇಲೆ. ಎರಡು ವಾರ ಸೀಮೆಸುಣ್ಣದಲ್ಲಿ ಬರೆದೂ ಅಳಿಸಿಯೂ ಕಟ್ಟಿದ ಸಂಸಾರ ಹತ್ತು ನಿಮಿಷದಲ್ಲಿ ಅಂಗಳದಲ್ಲಿತ್ತು. ದೂರದಿಂದ ನೋಡಿದವರು ಮನೆ ಖಾಲಿ ಮಾಡುತ್ತಿದ್ದಾರೆಂದೇ ತಿಳಿಯುತ್ತಿದ್ದರು. ಮಾಡಿದರೂ ಮಾಡಬೇಕಿತ್ತು.

ಹುಳದ ಮನೆಯಲ್ಲಿ ಉಳಿದವಕ್ಕೆ ನರೇಂದ್ರ ಬೇರೆ ಏರ್ಪಾಡು ಮಾಡಿದ. ಆ ಮನೆಯ ಪಡುವಣ ಕಿಟಕಿಗಳನ್ನು ಮುಚ್ಚಿ, ಮೂಡಲ ಕಡೆಯವನ್ನು ತೆಗೆದು, ನನ್ನ ಅಂಗಡಿಯ ದೊಡ್ಡ ಫ್ಯಾನನ್ನು ಗಾಳಿ ಹೊರಕ್ಕೆ ತಳ್ಳುವಂತೆ ಬಾಗಿಲಲ್ಲಿ ನಿಲ್ಲಿಸಿದ. "ಲ್ಯಾಬಲ್ಲಿ ಹುಡುಗ್ರು ಏನಾದ್ರು ಚೆಲ್ಲಿದಾಗ ಹಿಂಗೇ ಮಾಡೋದು," ಎಂದ. ಆ ದಿನವೆಲ್ಲ ಅವನು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಮುನಿರತ್ನಮ್ಮ ಎಲ್ಲ ತಟ್ಟೆಗಳಿಂದ ಹಳೇ ಸೊಪ್ಪು ತೆಗೆದು, ಆಗಷ್ಟೇ ಕೊಯ್ದು ತಂದ ಎಳೆ ಸೊಪ್ಪು ಹಾಸಿದರು. ಆಮೇಲೆ ಹಾಲಿನ ಹೊಸಿಲ ಮೇಲೆ ಕೂತರು. ನಾವೂ ಕೂತೆವು. ಇನ್ನು ಮಾಡಲು ಏನೂ ಇರಲಿಲ್ಲ.

ಬಲಿತ ಹುಳ ಸೊಪ್ಪು ತಿನ್ನುವಾಗ ಒಂದು ಸದ್ದು ಬರುತ್ತದೆ. ಸಾವಿರ ಹೆಂಗಸರು ಒಟ್ಟಿಗೆ ಹೊಸ ಸೀರೆ ಮಡಚಿದಂಥ ಸದ್ದು. ಅದಕ್ಕಾಗಿ ಕಾದೆವು. ಹಾಲಿನಲ್ಲಿ ಸದ್ದಿಲ್ಲ. ರಸ್ತೆಯಲ್ಲಿ ಒಂದು ಬಸ್ಸು ಹೋಯಿತು. ಮುನಿರತ್ನಮ್ಮ ಅದರ ಕಡೆ ನೋಡಿದ ನೋಟಕ್ಕೆ ಅದು ಹಾರನ್ ಹೊಡೆಯದೆ ಹೋಯಿತು. ನಯನಾ ಅಂಗಳದಲ್ಲಿ ಬಿದ್ದಿದ್ದ ಹಾಸಿಗೆಯನ್ನೂ ಪಾತ್ರೆ ಬುಟ್ಟಿಯನ್ನೂ ನೋಡುತ್ತಿದ್ದಳು. ನರೇಂದ್ರ ಅವಳ ಕೈಯ ಮೇಲೆ ಕೈ ಇಟ್ಟ. ನಾಳೆಯಿಂದ ಮತ್ತೆ ಹಾಸ್ಟೆಲ್, ಮತ್ತೆ ರೂಮು, ಮತ್ತೆ ಫೋನು ಎಂದು ಇಬ್ಬರೂ ಯೋಚಿಸುತ್ತಿರುವುದು ನನಗೆ ಕೇಳಿಸುತ್ತಿತ್ತು.

"ಅಕ್ಕಾ," ಎಂದೆ. ನನ್ನ ಧ್ವನಿ ನನಗೇ ಸಣ್ಣದಾಗಿ ಕೇಳಿಸಿತು. "ತಪ್ಪು ನಂದು. ಇವ್ರು ಮನೇಲಿರ್ಲಿಲ್ಲ. ಬೀಗ ತೆಗ್ದೋನು ನಾನು. ಇವ್ರನ್ನ ಕಳಿಸ್ಬೇಡಿ."

"ಬಾಯ್ಮುಚ್ಲಾ," ಎಂದರು ಮುನಿರತ್ನಮ್ಮ. "ಕೇಳ್ತಾವ್ನಿ."

ಕಿಟಕಿಯ ಪಕ್ಕ ಮೇಜಿನ ಮೇಲಿನ ತಟ್ಟೆಯಿಂದ ಶುರುವಾಯಿತು. ಮೊದಲು ಒಂದು ಹುಳ ಎಲೆಯ ಅಂಚಿಗೆ ಬಾಯಿ ಹಾಕಿತು. ಆಮೇಲೆ ಹತ್ತು. ಆಮೇಲೆ ಮಂಚದಿಂದ, ಅಡುಗೆಕಟ್ಟೆಯಿಂದ. ಐದು ಗಂಟೆಯ ಹೊತ್ತಿಗೆ ಹಾಲಿನ ತುಂಬ ಸೀರೆ ಮಡಚುವ ಸದ್ದು. ಆ ಸದ್ದು ಚನ್ನಪಟ್ಟಣಕ್ಕೆ ಕೇಳಿಸಿತು ಎಂದರೆ ನೀವು ನಂಬುವುದಿಲ್ಲ, ಬಿಡಿ. ಎರಡು ತಟ್ಟೆ ಮಾತ್ರ ಏಳಲಿಲ್ಲ. ಮುನಿರತ್ನಮ್ಮ ಅವನ್ನು ತಾವೇ ಎತ್ತಿಕೊಂಡು ಹೋಗಿ ಮಣ್ಣಿಗೆ ಹಾಕಿ ಬಂದರು. ಬಂದವರು ಕರಾರಿನ ಮಾತೇ ಎತ್ತಲಿಲ್ಲ.

"ಹಾಸ್ಗೆ ನಮ್ಮ ಜಗ್ಲಿಗೆ ಆಕ್ಕಳ್ರವ್ವ," ಎಂದರು. "ಇವು ಹಣ್ಣಾಗೋ ಗಂಟ ಊಟ ನಮ್ಮನೇಲೆ. ಅವರೇಕಾಳು ಸಾರು ತಿಂತೀಯೇನಪ್ಪ?" ಎಂದು ನರೇಂದ್ರನನ್ನು ಕೇಳಿದರು. ನನ್ನನ್ನು ಕೇಳಲಿಲ್ಲ. ನನ್ನ ಕಡೆಗೆ ಬೊಗಸೆ ಚಾಚಿ, "ಬೀಗದ್ ಕೈ," ಎಂದರು. ಕೊಟ್ಟೆ. ಅದನ್ನು ನಯನಾಳ ಕೈಗೆ ಹಾಕಿದರು. "ಎರಡೂ ನಿನ್ನತ್ರಾನೇ ಇರ್ಲಿ. ನನ್ನತ್ರ ಇದ್ರೆ ಈ ಯಪ್ಪ ಕೋಲೆಬಸವನಂಗೆ ತಲೆ ಆಡ್ಸಿ ತೆಕ್ಕೊಡ್ತದೆ." ಗಂಗಯ್ಯನವರು ಕೇಳಿಸದವರಂತೆ ಎಲೆಯಡಿಕೆ ಮಡಿಚಿದರು.

ಮೂರು ದಿನ ಗಂಡ ಹೆಂಡತಿ ಜಗುಲಿಯಲ್ಲಿದ್ದರು, ಹುಳ ಅವರ ಮಂಚದ ಮೇಲೆ. ನಾಲ್ಕನೇ ದಿನ ಹಣ್ಣಾಯಿತು. ಆ ಹದಿನಾರು ತಟ್ಟೆಯ ಗೂಡು ಒಂದೊಂದೂ ಕೋಳಿಮೊಟ್ಟೆಯ ಗಾತ್ರ, ಕೈಯಲ್ಲಿ ಅಲ್ಲಾಡಿಸಿದರೆ ಗಂಟೆಯ ನಾದ. ಹಾಲಿನ ಗಾಳಿ ಬೆಳಕು ಹುಳಕ್ಕೆ ಹೇಳಿ ಮಾಡಿಸಿದ್ದು ಎಂದು ಮುನಿರತ್ನಮ್ಮ ಮಾರ್ಕೆಟ್ಟಿನಿಂದ ಬಂದ ಮೇಲೆ ಎರಡು ದಿನ ಯೋಚಿಸಿದರು. ಮೂರನೇ ದಿನ ಸಂಜೆ, ತಮ್ಮದೇ ಮನೆಯ ಬಾಗಿಲನ್ನು ಮೊದಲ ಬಾರಿಗೆ ತಟ್ಟಿದರು. ನಾನು ಅಲ್ಲೇ ಕಿಟಕಿಯ ರೆಕ್ಕೆ ಜೋಡಿಸುತ್ತಿದ್ದೆ, ನಯನಾ ಸ್ಕ್ರೂ ಎಣಿಸಿ ಕೊಡುತ್ತಿದ್ದಳು.

"ನಯ್ನಾ, ಬರೋ ಬೆಳೇಲಿ ಕೊನೇ ವಾರ ಒಸಿ ನಿಮ್ಮ ಹಾಲು ಬುಟ್ಕೊಡ್ತೀಯಾ? ಕೊನೇ ಜ್ವರ ಎದ್ದವನ್ನ ಒಂದಿಪ್ಪತ್ತು ತಟ್ಟೆ ಆಕ್ಕತೀನಿ. ಆ ವಾರದ್ ಬಾಡ್ಗೆ ಬ್ಯಾಡ."

ನಾಲ್ಕು ತಾಲ್ಲೂಕಿನಲ್ಲಿ, ಏನು, ಇಡೀ ಭರತಖಂಡದಲ್ಲಿ, ಒಡತಿಗೆ ಅವಳದೇ ಮನೆಯನ್ನು ಬಾಡಿಗೆಗೆ ಕೊಡಿಸಿದ ಬ್ರೋಕರ್ ನಾನೊಬ್ಬನೇ. "ಅಕ್ಕಾ, ನನ್ನ ಕಮಿಷನ್ನು..." ಎಂದೆ. ಇಬ್ಬರೂ ಒಟ್ಟಿಗೆ ನೋಡಿದರು. ಸ್ಕ್ರೂ ತಿರುಗಿಸತೊಡಗಿದೆ.

ನಯನಾ ಪುಸ್ತಕ ತೆಗೆದಳು. "ಯಾವ ವಾರ ಬೀಳತ್ತಮ್ಮ?"

"ಮರಿಗೆ ಯೋಳಿರೋ ಲೆಕ್ಕಕ್ಕೆ ಮುಂದಿನ ತಿಂಗ್ಳು ಎರಡನೇ ವಾರ."

"ಆಗಲ್ವಲ್ಲ. ಎರಡನೇ ವಾರ ನಮ್ಮತ್ತೆ ಮಾವ ಮೊದ್ಲನೇ ಸಲ ನಮ್ಮನೆಗೆ ಬತ್ತಾವ್ರೆ. ಮಂಚ ಅವ್ರಿಗೆ ಬೇಕು. ಮೂರನೇ ವಾರ ಆದ್ರೆ ಕೊಡ್ತೀನಿ."

"ಹುಳ ಏನು ನಿಮ್ಮತ್ತೆ ಕೇಳ್ಕಂಡು ಹಣ್ಣಾದದೇನವ್ವ?"

"ಅದ್ಕೇ, ಮರಿ ಒಂದು ವಾರ ತಡ್ದು ತನ್ನಿ."

ನಾನು ಕಿಟಕಿ ಬಿಟ್ಟು ಬಾಗಿಲ ಕಡೆ ಸರಿದೆ. ಮುನಿರತ್ನಮ್ಮ ಹುಳದ ಲೆಕ್ಕವನ್ನು ಮಳೆಗೂ ಬದಲಿಸಿದವರಲ್ಲ, ಮದುವೆಗೂ ಬದಲಿಸಿದವರಲ್ಲ. ಅವರ ತಂಗಿಯ ಮದುವೆಯನ್ನೇ ಹುಳದ ಬೆಳೆ ಮುಗಿದ ಮೇಲೆ ಇಟ್ಟುಕೊಂಡಿದ್ದರು. ಹಾಲಿನೊಳಗೆ ಒಮ್ಮೆ ನೋಡಿದರು: ಮತ್ತೆ ತನ್ನ ಜಾಗಕ್ಕೆ ಬಂದಿದ್ದ ಮೇಜು, ಚಂದ್ರಿಕೆಯ ಮರೆ, ಹಳೇ ಸೀರೆಯ ಪರದೆ. ಆಮೇಲೆ ಸೆರಗಿನ ಗಂಟು ಬಿಚ್ಚಿ ಫೋನು ತೆಗೆದು, ಹುಳದ ಮರಿ ಸಾಕಿ ಮಾರುವ ಚಾಕಿ ಸೆಂಟರಿಗೆ ಕರೆ ಮಾಡಿ, ಕಿವಿಗಿಟ್ಟುಕೊಂಡರು.

"ಹಲೋ, ಚಾಕಿ ಸೆಂಟ್ರಾ? ನಾನು ಮುನಿರತ್ನಮ್ಮ ಕಣಪ್ಪ, ಸಾತನೂರಿಂದ. ನಮ್ಮ ಮರಿ ಒಂದು ವಾರ ನಿಲ್ಸಪ್ಪ." ಆ ಕಡೆಯವನು ಏನೋ ಕೇಳಿದ. "ಇಲ್ಲ ಇಲ್ಲ, ಸೊಪ್ಪೆಲ್ಲ ಐತೆ," ಎಂದು ನಯನಾಳ ಕಡೆ ತಿರುಗಿ ನೋಡಿ, ಧ್ವನಿ ತಗ್ಗಿಸಿದರು. "ನಮ್ಮನೆಗೆ ನೆಂಟ್ರು ಬತ್ತಾವ್ರೆ."